ಪೆಡಲ್ ಸ್ಟೀಲ್ ತಗೊಳ್ಳೋ ಮೊದಲು ನಾಲ್ಕನೇ ತಂತಿ ನೋಡಿ

ಕಾಲಲ್ಲಿ ಪೆಡಲ್ ಒತ್ತಿ ತಂತಿಯ ಸ್ವರ ಬದಲಾಯಿಸೋ ಹಳೇ ಪೆಡಲ್ ಸ್ಟೀಲ್ ಗಿಟಾರ್ ಒಂದು ತಗೋಬೇಕು ಅಂತ ಹುಡುಕೋಕೆ ಶುರು ಮಾಡಿದವರೆಲ್ಲ ಒಂದಲ್ಲ ಒಂದು ದಿನ ಇದೇ ಕವಲಿಗೆ ಬಂದು ನಿಲ್ತಾರೆ. ಒಂದ್ಕಡೆ 1950ರ ದಶಕದ್ದು, ಬರೀ ಪೆಡಲ್ ಇರೋದು, ಮೊಣಕಾಲಿಗೆ ಏನೂ ಕೆಲಸ ಇಲ್ಲ, ನೋಡೋಕೆ ಮಾತ್ರ ಕಣ್ಣು ಕೀಳೋಕಾಗಲ್ಲ ಅಷ್ಟು ಚೆಂದ. ಇನ್ನೊಂದ್ಕಡೆ 60ರ ದಶಕದ ನಡುವಿಂದ ಈಚಿಂದು, ಪೆಡಲ್ ಜೊತೆ ಮೊಣಕಾಲಲ್ಲಿ ತಳ್ಳೋ ನೀ ಲಿವರ್ ಇರೋದು. ಯಾವ್ದು ತಗೊಳ್ಳೋದು? ನಾನು ಕಲಿತಿದ್ದು ಲಿವರ್ ಇಲ್ಲದ 8 ತಂತಿಯ ಕೇಬಲ್ ಗಿಟಾರ್ ಮೇಲೆ, ಕೆಲವು ವರ್ಷ ಅದನ್ನೇ ನುಡಿಸಿ ಆಮೇಲೆ 10 ತಂತಿ, 3 ಪೆಡಲ್, 4 ಲಿವರ್ ಇರೋದಕ್ಕೆ ಬಂದೆ, ಎರಡೂ ಇನ್ನೂ ಮನೇಲಿವೆ. ಹಾಗಾಗಿ ಇದು ಹೊಸದು ಒಳ್ಳೇದು ಹಳೇದು ಕೆಟ್ಟದ್ದು ಅನ್ನೋ ಮಾತಲ್ಲ. ನಿಮ್ಮ ಕಿವಿಯಲ್ಲಿ ಯಾವ ಕಾಲದ ಸ್ಟೀಲ್ ಕೂತಿದೆ ಅನ್ನೋದ್ರ ಮೇಲೆ ಉತ್ತರ ಬದಲಾಗತ್ತೆ, ಅದನ್ನ ಪತ್ತೆ ಮಾಡೋಕೆ ನಾನು ನೋಡೋದು ಒಂದೇ ಒಂದು ತಂತಿ.

ಅದಕ್ಕೆ ಮೊದಲು, ನಮ್ಮ ಕಡೆ ಗೋಟುವಾದ್ಯ ಕೇಳಿ ಬೆಳೆದವರಿಗೆ, ಇಲ್ಲಾ ಬ್ರಿಜ್ ಭೂಷಣ್ ಕಾಬ್ರಾ ಅವರು ಮಡಿಲಲ್ಲಿ ಇಟ್ಕೊಂಡು ನುಡಿಸಿದ ಗಿಟಾರ್ ಕೇಳಿದವರಿಗೆ ಒಂದು ಮಾತು. ಅಲ್ಲಿ ಸ್ವರ ಜಾರೋದು ಕೈಯಲ್ಲಿರೋದು ಜಾರಿದಾಗ, ಬಾರ್, ಅಂದ್ರೆ ತಂತಿ ಮೇಲೆ ಇಟ್ಟು ಜಾರಿಸೋ ಸರಳು, ಅದರ ಕೆಳಗಿರೋ ತಂತಿ ಎಲ್ಲಾ ಅದರ ಹಿಂದೆನೇ ಹೋಗತ್ತೆ. ಪೆಡಲ್ ಸ್ಟೀಲಲ್ಲಿ ಬಾರ್ ಇದ್ದಲ್ಲೇ ಇರತ್ತೆ, ಮೂರು ತಂತಿ ಒಟ್ಟಿಗೆ ಮೀಟಿರ್ತೀರ, ಕಾಲು ಒತ್ತಿದ ತಕ್ಷಣ ಅದರಲ್ಲಿ ಒಂದು ಮಾತ್ರ ಮೆಲ್ಲಗೆ ಮೇಲೆ ಹತ್ತತ್ತೆ, ಉಳಿದೆರಡು ಅಲುಗಾಡಲ್ಲ. ಆ ಒಂದು ತಂತಿ ಉಳಿದವುಗಳ ಮೈ ಉಜ್ಕೊಂಡು ಹೋಗೋ ಶಬ್ದ ಇದ್ಯಲ್ಲಾ, ಅದಕ್ಕೋಸ್ಕರನೇ ಜನ ಇಷ್ಟೆಲ್ಲಾ ರಾಡು ಸ್ಪ್ರಿಂಗು ಹೊತ್ಕೊಂಡು ತಿರುಗೋದು.

ಮೊದಮೊದಲು ಪೆಡಲ್ ಹಾಕಿದ್ದೇ ಬೇರೆ ಕಾರಣಕ್ಕೆ. ಹವಾಯಿಯಿಂದ ಬಂದ ಸ್ಟೀಲ್ ಗಿಟಾರಲ್ಲಿ ಒಂದು ಟ್ಯೂನಿಂಗಲ್ಲಿ ಸಿಗೋ ಕಾರ್ಡ್‌ಗಳು, ಅಂದ್ರೆ ಒಟ್ಟಿಗೆ ನುಡಿಯೋ ಸ್ವರಗಳ ಗುಂಪು, ತೀರಾ ಕಮ್ಮಿ, ಅದಕ್ಕೆ ಅಮೆರಿಕದ ನುಡಿಸುವವರು ಎರಡು ನೆಕ್ (ತಂತಿ ಕಟ್ಟಿದ ಪಟ್ಟಿ), ಮೂರು ನೆಕ್, ನಾಲ್ಕು ನೆಕ್ ಅಂತ ಏರಿಸ್ಕೊಂಡು ಹೋದ್ರು, ಒಂದೊಂದಕ್ಕೂ ಒಂದೊಂದು ಟ್ಯೂನಿಂಗ್. ನೆಕ್ ಬದಲಾಯಿಸೋ ಬದಲು ಕಾಲಲ್ಲಿ ಟ್ಯೂನಿಂಗೇ ಬದಲಾಯಿಸಿದ್ರೆ ಹೇಗೆ ಅಂತ ಬಂದಿದ್ದು ಗಿಬ್ಸನ್‌ನ ಎಲೆಕ್ಟ್ರಾಹಾರ್ಪ್, ಎರಡನೇ ಮಹಾಯುದ್ಧದ ಹೊಸ್ತಿಲಲ್ಲಿ. ಅದರ ಪೆಡಲ್‌ಗಳು ಈಗಿನ ಥರ ಮುಂದೆ ಸಾಲಾಗಿ ಇರ್ಲಿಲ್ಲ, ಎಡಗಡೆ ಒಂದು ಕಾಲಿನ ಬುಡದಿಂದ ಬೀಸಣಿಗೆ ಥರ ಹರಡ್ಕೊಂಡಿದ್ವು. ಇಂಡಿಯಾನಾಪೊಲಿಸ್‌ನ ಹಾರ್ಲಿನ್ ಬ್ರದರ್ಸ್ ಅವರ ಮಲ್ಟಿಕಾರ್ಡ್ ಇದಕ್ಕಿಂತ ಸರಳ, ಸಾಮಾನ್ಯ ಜನರ ಕೈಗೆಟುಕಿದ್ದು ಅದೇ. ಇವತ್ತು ಇವೆರಡರಲ್ಲಿ ಯಾವ್ದಾದ್ರೂ ಸಿಕ್ಕಿದ್ರೆ, ಇತಿಹಾಸ ಪ್ರೀತಿಸೋರು ತಗೊಳ್ಳಿ, ಮನೇಲಿ ಇಟ್ಟು ಅಪರೂಪಕ್ಕೆ ನುಡಿಸಿ. ಅದರ ಮೇಲೆ ಕಲೀತೀನಿ ಅಂತ ಮಾತ್ರ ಹೊರಡಬೇಡಿ, ಯಾಕಂದ್ರೆ ಇವು ಟ್ಯೂನಿಂಗ್ ಬದಲಾಯಿಸೋಕೆ ಕಟ್ಟಿದ ಯಂತ್ರ, ತಂತಿ ನಾದ ಬಿಡ್ತಿರೋವಾಗ ಅದನ್ನ ಎಳೆಯೋಕೆ ಅಂತ ಕಟ್ಟಿದ್ದಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಪಾಲ್ ಬಿಗ್ಸ್‌ಬಿ 1948ರಲ್ಲಿ ಸ್ಟೀಲ್ ನುಡಿಸೋ ಸ್ಪೀಡಿ ವೆಸ್ಟ್‌ಗೆ ಒಂದು ಗಿಟಾರ್ ಕಟ್ಟಿಕೊಟ್ರು, ಅದರಲ್ಲಿ ಪೆಡಲ್‌ಗಳು ಮುಂದಿನ ಎರಡು ಕಾಲಿನ ನಡುವೆ ಒಂದು ಪಟ್ಟಿ ಮೇಲೆ ಸಾಲಾಗಿ ಬಂದ್ವು, ಆ ಜೋಡಣೆನೇ ಇವತ್ತಿಗೂ ಉಳಿದಿರೋದು. ಆದ್ರೂ ನಿಜವಾದ ತಿರುವು ಸಿಕ್ಕಿದ್ದು ಬಡ್ ಐಸಾಕ್ಸ್ ಕಾಲಿಂದ. 1953ರ ಕೊನೇಲಿ ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ ರೆಕಾರ್ಡ್ ಆಗೋವಾಗ ಅವರು ತಂತಿ ಮೀಟಿ, ನಾದ ಇನ್ನೂ ನಿಂತಿರೋವಾಗಲೇ ಪೆಡಲ್ ಒತ್ತಿದ್ರು. ಎರಡು ತಂತಿ ಒಟ್ಟಿಗೆ ಬಾಗಿ ಮೇಲೆ ಹೋಗಿ ಇನ್ನೊಂದು ಕಾರ್ಡ್‌ಗೆ ಹೋಗಿ ಕೂತ್ವು. 54ರಲ್ಲಿ ಆ ಹಾಡು ಕಂಟ್ರಿ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು, ಆಮೇಲೆ ಸ್ಟೀಲ್ ನುಡಿಸೋರೆಲ್ಲ ತಮ್ಮ ಗಿಟಾರ್‌ಗೂ ಪೆಡಲ್ ಬೇಕು ಅಂತ ಓಡಾಡಿದ್ರು. ಬಿಗ್ಸ್‌ಬಿ ಗಿಟಾರ್‌ಗಳು ಒಂದೊಂದಾಗಿ ಕೈಯಲ್ಲಿ ಕಟ್ಟಿದ್ದು, ಈಗ ಸಂಗ್ರಹಕಾರರ ಹತ್ರ ಸೇರ್ಕೊಂಡಿವೆ, ಹಾಗಾಗಿ ನಮ್ಮ ಆಯ್ಕೆ ಪಟ್ಟಿಯಿಂದ ಅದು ಹೊರಗೆ.

ನಿಮ್ಮ ಕೈಗೆ ನಿಜವಾಗಿ ಸಿಗೋ ಲಿವರ್ ಇಲ್ಲದ ಗಿಟಾರ್ ಅಂದ್ರೆ ಫೆಂಡರ್. 1957ರಲ್ಲಿ ಬಂದ ಫೆಂಡರ್ 1000 ಎರಡು ನೆಕ್‌ದು, ನೆಕ್‌ಗೆ 8 ತಂತಿ, 8 ಪೆಡಲ್. ಅದರ ತಮ್ಮ ಫೆಂಡರ್ 400, ಒಂದೇ ನೆಕ್, 8 ತಂತಿ, 4 ಪೆಡಲ್. ಇದರೊಳಗೆ ರಾಡ್ ಇಲ್ಲ, ಕೇಬಲ್, ರಾಟೆ ಮತ್ತು ಕೊಕ್ಕೆ. ಗಿಟಾರ್ ಮಗುಚಿ ಹಾಕಿ ಕೊಕ್ಕೆ ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಸಿಗಿಸಿದ್ರೆ ಪೆಡಲ್ ಬೇರೆ ತಂತಿ ಎಳೆಯೋಕೆ ಶುರು ಮಾಡತ್ತೆ, ಹತ್ತು ನಿಮಿಷದ ಕೆಲಸ, ಇಷ್ಟು ಸುಲಭವಾಗಿ ಸೆಟಪ್ ಬದಲಾಯಿಸೋಕೆ ಆಗೋ ಹಳೇ ಗಿಟಾರ್ ಇನ್ನೊಂದಿಲ್ಲ. ಸದ್ದು ಚೂಪು, ಬೆಳ್ಳಿ ತಟ್ಟಿದ ಹಾಗೆ. ರಾಲ್ಫ್ ಮೂನಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಒಂದು ಫೆಂಡರ್ 1000 ಇಟ್ಕೊಂಡು ನುಡಿಸಿದ್ದು ಕೇಳಿದ್ರೆ ಸಾಕು, ಲಿವರ್ ಬೇಕು ಅಂತ ಅನ್ಸೋದೇ ಇಲ್ಲ. ಫ್ಲೈಯಿಂಗ್ ಬರಿಟೋ ಬ್ರದರ್ಸ್‌ನ ಸ್ನೀಕಿ ಪೀಟ್ ಕ್ಲೈನೋ ಬೇರೆಯವರೆಲ್ಲ ಲಿವರ್‌ಗೆ ಹೋದ ಕಾಲದಲ್ಲೂ ಫೆಂಡರ್ 400 ಬಿಡ್ಲಿಲ್ಲ, ಟ್ಯೂನಿಂಗ್ ಕೂಡ ಎಲ್ಲರೂ ಬಳಸೋ ಇ9 ಅನ್ನೋದಲ್ಲ, ಬಿ6 ಅನ್ನೋದು.

ಫೆಂಡರ್ ನೋಡೋಕೆ ಹೋದಾಗ ಸ್ಕೇಲ್, ಅಂದ್ರೆ ತಂತಿ ನುಡಿಯೋ ಉದ್ದ, ಅಳತೆ ಮಾಡಿ. ಮೊದಲ ಮಾದರಿಗಳು 24.5 ಇಂಚು, ಆಮೇಲಿನವು 23 ಇಂಚು. ಇ9ಗೆ ಟ್ಯೂನ್ ಮಾಡೋದಾದ್ರೆ ಮೇಲಿನ ಜಿ ಶಾರ್ಪ್ ತಂತಿ, 0.011 ಇಂಚಿನ ತೆಳು ತಂತಿ, ಉದ್ದ ಸ್ಕೇಲಲ್ಲಿ ಪಟ್ ಪಟ್ ಅಂತ ಕಿತ್ತು ಹೋಗತ್ತೆ, ಅದರ ಮೇಲೆ ಪೆಡಲ್ ಬೇರೆ ಅದನ್ನ ಎಗೆ ಎಳೆಯತ್ತೆ. ನನ್ನ ಮೊದಲ ಗಿಟಾರ್ ಉದ್ದ ಸ್ಕೇಲ್‌ದು, ಮಾರಿದವರು ಅದನ್ನ ಹೇಳ್ಲಿಲ್ಲ, ನನಗೂ ಕೇಳಬೇಕು ಅಂತ ಗೊತ್ತಿರ್ಲಿಲ್ಲ, ಮೊದಲ ತಿಂಗಳು ಎಷ್ಟು ತಂತಿ ಕಿತ್ತೋಯ್ತು ಅಂದ್ರೆ ತಪ್ಪು ನನ್ನ ಕೈಯಲ್ಲೇ ಇದೆ ಅಂದ್ಕೊಂಡು ಬಿಟ್ಟಿದ್ದೆ. ಇಡೀ ಟ್ಯೂನಿಂಗ್ ಒಂದು ಸ್ವರ ಇಳಿಸಿ ಡಿ9 ಮಾಡ್ಕೊಂಡ ಮೇಲೆ ಸರಿಹೋಯ್ತು, ಉದ್ದ ಸ್ಕೇಲ್ ಇರೋರಿಗೆ ಅದನ್ನೇ ಹೇಳ್ತೀನಿ.

ಇದೇ ಹೊತ್ತಿಗೆ ನ್ಯಾಶ್‌ವಿಲ್ ಕಡೆ ಶಾಟ್ ಜಾಕ್ಸನ್ ಮತ್ತು ಬಡ್ಡಿ ಎಮ್ಮನ್ಸ್ ಸೇರಿ ಶೋಬಡ್ ಶುರು ಮಾಡಿದ್ರು, ಎಮ್ಮನ್ಸ್‌ಗೆ ಆಗ ಇಪ್ಪತ್ತರ ಆಸುಪಾಸು. ಅವರ ಮೊದಮೊದಲ ಮಾದರಿಗಳಲ್ಲಿ ಒಂದಕ್ಕೆ ಪರ್ಮನೆಂಟ್ ಅಂತ ಹೆಸರು. ಒಳಗಿನ ಯಂತ್ರ ಪುಲ್ ರಿಲೀಸ್, ಸ್ವರ ಏರಿಸೋಕೆ ತಂತಿ ಎಳೆಯತ್ತೆ, ಇಳಿಸೋಕೆ ಸಡಿಲ ಬಿಡತ್ತೆ. ಒಂದು ತಂತಿಗೆ ಒಂದು ಬದಲಾವಣೆ ಇದ್ರೆ ಸೊಗಸಾಗಿ ಕೆಲಸ ಮಾಡತ್ತೆ, ಅದೇ ತಂತಿಗೆ ಎರಡು ಮೂರು ಕಟ್ಟೋಕೆ ಹೋದ್ರೆ ಒದ್ದಾಟ ಶುರು. ಈ ಮಾತು ನೆನಪಲ್ಲಿ ಇಟ್ಕೊಳ್ಳಿ, ನೀ ಲಿವರ್ ಕಥೆ ನಿಂತಿರೋದೇ ಇದ್ರ ಮೇಲೆ.

ಎಮ್ಮನ್ಸ್ ಮಾಡಿದ ಇನ್ನೊಂದು ಕೆಲಸ ಯಂತ್ರಕ್ಕಿಂತ ದೊಡ್ಡದು. ಐಸಾಕ್ಸ್ ಒಂದೇ ಪೆಡಲಲ್ಲಿ ಎರಡು ತಂತಿ ಎಳೀತಿದ್ರು, ಎಮ್ಮನ್ಸ್ ಅದನ್ನ ಒಡೆದು ಎರಡು ಪೆಡಲ್ ಮಾಡಿದ್ರು. ಎ ಪೆಡಲ್ ಬಿ ಸ್ವರವನ್ನ ಸಿ ಶಾರ್ಪ್‌ಗೆ ಒಯ್ಯತ್ತೆ, ಬಿ ಪೆಡಲ್ ಜಿ ಶಾರ್ಪನ್ನ ಎಗೆ. ಎರಡೂ ಒಟ್ಟಿಗೆ ಒತ್ತಬಹುದು, ಒಂದೊಂದೇ ಒತ್ತಬಹುದು, ಒಂದರಿಂದ ಇನ್ನೊಂದಕ್ಕೆ ಪಾದ ಹೊರಳಿಸಬಹುದು. ಇನ್ನೊಬ್ಬ ಸ್ಟೀಲ್ ವಾದಕ ಜಿಮ್ಮಿ ಡೇ ಇದೇ ಪೆಡಲ್‌ಗಳನ್ನ ಹಿಂದು ಮುಂದು ಹಾಕ್ಕೊಂಡ್ರು, ಅದಕ್ಕೇ ಇವತ್ತಿಗೂ ಗಿಟಾರ್ ಮಾರೋವಾಗ ಎಮ್ಮನ್ಸ್ ಸೆಟಪ್ಪಾ ಡೇ ಸೆಟಪ್ಪಾ ಅಂತ ಕೇಳೋದು, ನೀವೂ ಕೇಳಿ, ಒಂದು ಸಲ ಪಾದಕ್ಕೆ ಒಂದು ರೂಢಿ ಆದ್ರೆ ಬದಲಾಯಿಸೋದು ಬಹಳ ಕಷ್ಟ. ಆಮೇಲೆ 60ರ ದಶಕದ ಶುರುವಲ್ಲಿ ಎಮ್ಮನ್ಸ್ ಮೇಲ್ಗಡೆ ಎರಡು ತಂತಿ ಸೇರಿಸಿದ್ರು, ಎಫ್ ಶಾರ್ಪ್ ಮತ್ತು ಡಿ ಶಾರ್ಪ್, ಹಾಗೆ 8 ಇದ್ದಿದ್ದು 10 ಆಯ್ತು. 8 ತಂತಿಯ ಇ9ನಲ್ಲಿ ಎರಡನೇದಾಗಿದ್ದ ಇ ತಂತಿ 10ರಲ್ಲಿ ನಾಲ್ಕನೇದಾಯ್ತು. ನಾನು ನೋಡಿ ಅಂತ ಹೇಳ್ತಿರೋದು ಇದೇ ತಂತಿನ.

ಈಗ ಮೊಣಕಾಲಿಗೆ ಬರೋಣ. ಕೂತು ನುಡಿಸೋವಾಗ ಬಲಗಾಲು ಪೂರ್ತಿ ವಾಲ್ಯೂಮ್ ಪೆಡಲ್ ಮೇಲೆ, ನಾದ ತೇಲಿಸೋದೇ ಅದು, ಅದನ್ನ ಎತ್ತೋ ಹಾಗಿಲ್ಲ. ಉಳಿದಿದ್ದು ಎಡಗಾಲು. ಒಂದು ಪಾದ ಪಕ್ಕ ಪಕ್ಕದ ಎರಡು ಪೆಡಲ್ ಒಟ್ಟಿಗೆ ಒತ್ತಬಹುದು, ಅಷ್ಟೇ. ಫೆಂಡರ್ 1000ದಲ್ಲಿ 8 ಪೆಡಲ್ ಇದ್ರೂ ಒಂದನೇದನ್ನೂ ಐದನೇದನ್ನೂ ಜೊತೇಲಿ ಒತ್ತೋಕೆ ಪಾದ ಎಟುಕಲ್ಲ. ಆದ್ರೆ ಎರಡು ಮೊಣಕಾಲೂ ಸುಮ್ನೆ ಗಿಟಾರ್ ಕೆಳಗಡೆ ಕೂತಿವೆ! 50ರ ದಶಕದಲ್ಲಿ ಜೇನ್ ಬೆಕ್ ಅಲ್ಲಿಗೆ ಲಿವರ್ ತಂದ್ರು. ಎಡ ಮೊಣಕಾಲು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಬಲ ಮೊಣಕಾಲು ಎಡಕ್ಕೆ, ಬಲಕ್ಕೆ, ಹೀಗೆ ಐದು ಲಿವರ್‌ವರೆಗೆ ಜಾಗ ಸಿಕ್ತು, ಅದೂ ಪಾದ ಪೆಡಲ್ ಒತ್ತಿರೋವಾಗಲೇ. ಪೆಡಲ್ ಸಂಖ್ಯೆ ಜಾಸ್ತಿ ಮಾಡೋದಕ್ಕೂ ಲಿವರ್ ಹಾಕೋದಕ್ಕೂ ಇರೋ ವ್ಯತ್ಯಾಸ ಇದೇ, ಪೆಡಲ್ ಜಾಸ್ತಿ ಆದ್ರೆ ಆಯ್ಕೆ ಜಾಸ್ತಿ ಆಗತ್ತೆ, ಲಿವರ್ ಬಂದ್ರೆ ಆ ಆಯ್ಕೆಗಳು ಒಂದಕ್ಕೊಂದು ಸೇರ್ಕೊಳ್ಳತ್ತೆ.

ಒಂದು ಉದಾಹರಣೆ ಇಟ್ಕೊಂಡು ಹೇಳ್ತೀನಿ, ಗಿಟಾರ್ ಇರೋರು ಬಾರ್ ಇಟ್ಟು ನೋಡಿ. ಜಿ ಮೇಜರ್ ಕಾರ್ಡ್ ಬೇಕು. ಪೆಡಲ್ ಏನೂ ಒತ್ತದೆ 3ನೇ ಫ್ರೆಟಲ್ಲಿ ಜಿ ಇದೆ. ಎ, ಬಿ ಎರಡೂ ಪೆಡಲ್ ಒತ್ತಿದ್ರೆ 10ನೇ ಫ್ರೆಟಲ್ಲಿ ಮತ್ತೆ ಜಿ. ಲಿವರ್ ಇಲ್ಲದ ಗಿಟಾರಲ್ಲಿ 3ರಿಂದ 10ಕ್ಕೆ ಬಾರ್ ಏಳು ಫ್ರೆಟ್ ಜಾರಬೇಕು, ನಡುವೆ ನಿಲ್ಲೋಕೆ ಒಂದು ಒಳ್ಳೇ ಮೆಟ್ಟಿಲಿಲ್ಲ. ಈಗ ನಾಲ್ಕನೇ ಮತ್ತು ಎಂಟನೇ ತಂತಿಯ ಇ ಸ್ವರವನ್ನ ಅರ್ಧ ಸ್ವರ ಮೇಲೆ ಎಫ್‌ಗೆ ಒಯ್ಯೋ ಲಿವರ್ ಹಾಕಿ. ಎ ಪೆಡಲ್ ಜೊತೆ ಆ ಲಿವರ್ ತಳ್ಳಿದ್ರೆ 6ನೇ ಫ್ರೆಟಲ್ಲಿ ಜಿ ಬರತ್ತೆ. 3, 6, 10. ಹಾಡಿನ ಸಾಲು ಮೇಲೆ ಹೋಗ್ತಿದ್ರೆ ಕಾರ್ಡೂ ಅದರ ಕೈ ಹಿಡ್ಕೊಂಡು ಹತ್ತತ್ತೆ. ಬರೀ ಎಫ್ ಲಿವರ್ ಒಂದನ್ನೇ ತಳ್ಳಿ 5, 6, 8, 9ನೇ ತಂತಿ ಮೀಟಿದ್ರೆ ಡಿಮಿನಿಶ್ಡ್ ಸೆವೆನ್ತ್ ಸಿಗತ್ತೆ, ಬೋನಸ್. ಇನ್ನೊಂದು ಲಿವರ್ ಅದೇ ಇ ತಂತಿಗಳನ್ನ ಅರ್ಧ ಸ್ವರ ಕೆಳಗೆ ಡಿ ಶಾರ್ಪ್‌ಗೆ ಇಳಿಸತ್ತೆ, ಆಗ 8ನೇ ಫ್ರೆಟಲ್ಲಿ ಇನ್ನೊಂದು ಜಿ. ಇದರ ಜೊತೆ ಮೂರನೇ ಪೆಡಲ್, ಅಂದ್ರೆ ಸಿ ಪೆಡಲ್, ಅದೇ ನಾಲ್ಕನೇ ತಂತಿಯನ್ನ ಎಫ್ ಶಾರ್ಪ್‌ಗೆ ಎಳೆಯತ್ತೆ.

ಒಂದೇ ತಂತಿ, ಮೂರು ಕಡೆಗೆ ಹೋಗಬೇಕು: ಎಫ್, ಎಫ್ ಶಾರ್ಪ್, ಡಿ ಶಾರ್ಪ್, ಪ್ರತಿ ಸಲ ಸರಿಯಾಗಿ ಇಗೆ ವಾಪಸ್ ಬಂದು ನಿಲ್ಲಬೇಕು. ಇದನ್ನ ಎಷ್ಟು ಚೆನ್ನಾಗಿ ಮಾಡತ್ತೆ ಅನ್ನೋದೇ ಒಂದು ಗಿಟಾರ್ ಯಾವ ಕಾಲದ ಸಂಗೀತಕ್ಕೆ ಅಂತ ಹೇಳಿಬಿಡತ್ತೆ. 60ರ ದಶಕದ ಕೊನೇಯಿಂದ ಈಚೆಗೆ ನೀವು ರೆಕಾರ್ಡಲ್ಲಿ ಕೇಳಿ ಮನಸೋತಿರೋ ಸ್ಟೀಲ್, ಲಾಯ್ಡ್ ಗ್ರೀನ್ ಥರದವರ ನುಡಿಸುವಿಕೆ, ಅದನ್ನೇ ನುಡಿಸಬೇಕು ಅಂತ ಆಸೆ ಇದ್ರೆ ನಾಲ್ಕನೇ ತಂತಿ ಈ ಮೂರೂ ಮಾಡಲೇಬೇಕು, ಲಿವರ್ ಇಲ್ಲದ ಗಿಟಾರ್ ತಗೊಂಡು ಒದ್ದಾಡಬೇಡಿ. 50ರ ದಶಕದ್ದು, ಇಲ್ಲಾ ಮೂನಿ ಶೈಲಿ ಬೇಕು ಅಂದ್ರೆ ಪೆಡಲ್ ಮಾತ್ರ ಇರೋದೇ ಸರಿ, ಯಾಕಂದ್ರೆ ಆ ಸಾಲುಗಳೆಲ್ಲ ಹುಟ್ಟಿದ್ದೇ ಬಾರ್ ದೂರ ದೂರ ಓಡೋದ್ರಿಂದ, ಲಿವರ್ ಇದ್ರೆ ಕೈ ಸೋಮಾರಿಯಾಗಿ ಹತ್ತಿರದ ಫ್ರೆಟ್ ಹುಡುಕತ್ತೆ, ಆ ರುಚಿ ಹೋಗತ್ತೆ. ಇದು ನನ್ನ ಅನುಭವದ ಮಾತು, ಹಳೇ ಸಾಲು ಅಭ್ಯಾಸ ಮಾಡೋವಾಗ ಈಗಲೂ ಕೇಬಲ್ ಗಿಟಾರ್ ಮುಂದೆನೇ ಕೂರ್ತೀನಿ.

ಲಿವರ್ ಬೇಕು ಅಂತ ತೀರ್ಮಾನ ಆದ್ಮೇಲೆ ಮುಂದಿನ ಆಯ್ಕೆ ಯಂತ್ರದ್ದು. ಎಮ್ಮನ್ಸ್ 60ರ ದಶಕದ ಮೊದಲರ್ಧದಲ್ಲಿ ಶೋಬಡ್ ಬಿಟ್ಟು ರಾನ್ ಲ್ಯಾಶ್ಲಿ ಜೊತೆ ನಾರ್ತ್ ಕ್ಯಾರೊಲೈನಾದ ಬರ್ಲಿಂಗ್ಟನ್‌ನಲ್ಲಿ ತಮ್ಮ ಹೆಸರಿನದ್ದೇ ಕಂಪನಿ ಶುರು ಮಾಡಿದ್ರು, ಅಲ್ಲಿ ಬಂದಿದ್ದು ಪುಷ್ ಪುಲ್. ಏರಿಸೋಕೆ ರಾಡ್ ಎಳೆಯತ್ತೆ, ಇಳಿಸೋಕೆ ತಳ್ಳತ್ತೆ. ಸದ್ದು ಅಂದ್ರೆ ಅದು, ಗಟ್ಟಿ, ತುಂಬು, ಪ್ರತಿ ತಂತಿನೂ ಬೇರೆ ಬೇರೆಯಾಗಿ ಕೇಳತ್ತೆ, ಇದಕ್ಕೋಸ್ಕರ ಇವತ್ತಿಗೂ ಜನ ಜೀವ ಬಿಡ್ತಾರೆ, ನಾನೂ ಆ ಗುಂಪಿನವನೇ. ಆದ್ರೆ ಅದರ ಸೆಟಪ್ ಬದಲಾಯಿಸೋದು ತಾಳ್ಮೆಯ ಕೆಲಸ, ಒಂದು ಸರಿ ಮಾಡೋಕೆ ಹೋದ್ರೆ ಇನ್ನೊಂದು ಜಾರತ್ತೆ, ಗೊತ್ತಿರೋರು ಹತ್ತಿರದಲ್ಲಿ ಇಲ್ಲ ಅಂದ್ರೆ ಬೇಡ. ಇನ್ನೊಂದು ಬಗೆ ಆಲ್ ಪುಲ್, ಅಂದ್ರೆ ಏರಿಸೋಕೂ ಇಳಿಸೋಕೂ ಎಳೆಯೋದೇ, ಪ್ರತಿ ಬದಲಾವಣೆಗೂ ಗಿಟಾರಿನ ಬಲತುದಿಯಲ್ಲಿ ಒಂದು ನೈಲಾನ್ ನಟ್, ಷಡ್ಭುಜದ ಕೀ ಹಾಕಿ ತಿರುಗಿಸಿದ್ರೆ ಆಯ್ತು, ಒಂದರದ್ದು ಇನ್ನೊಂದಕ್ಕೆ ತಾಗಲ್ಲ. ಮೌರಿಸ್ ಆಂಡರ್ಸನ್ ಅವರ ಎಂಎಸ್‌ಎ ಈ ದಾರಿ ಹಿಡಿದ ಕಂಪನಿ, ಇವತ್ತಿನ ಹೊಸ ಗಿಟಾರ್‌ಗಳೂ ಹೆಚ್ಚುಕಮ್ಮಿ ಎಲ್ಲಾ ಆಲ್ ಪುಲ್ಲೇ. ಮೊದಲ ಗಿಟಾರ್ ಆಗಿದ್ರೆ ಕಣ್ಮುಚ್ಚಿ ಆಲ್ ಪುಲ್ ತಗೊಳ್ಳಿ. ಜೇನ್ ಬೆಕ್ ಹೆಸರಿನ ಜೆಡ್‌ಬಿ ಗಿಟಾರ್ ಸಿಕ್ಕಿದ್ರೆ ಒಂದು ಸಲ ಕೂತು ನೋಡಿ, 1970ರಲ್ಲಿ ಬಂದ ‘ಟೀಚ್ ಯುವರ್ ಚಿಲ್ಡ್ರನ್’ ಹಾಡಲ್ಲಿ ಜೆರ್ರಿ ಗಾರ್ಸಿಯಾ ನುಡಿಸಿದ್ದು ಜೆಡ್‌ಬಿ, ಆಗ ಅವರು ಪೆಡಲ್ ಸ್ಟೀಲ್ ಹಿಡಿದು ಇನ್ನೂ ಹೆಚ್ಚು ದಿನ ಆಗಿರ್ಲಿಲ್ಲ.

ನಡುವೆ ಒಂದು ದಾರಿ ಇದೆ, 70ರ ದಶಕದ ಕಲಿಕೆ ಮಾದರಿಗಳು. ಶೋಬಡ್ ಮಾವೆರಿಕ್ ಇದರಲ್ಲಿ ಹೆಸರುವಾಸಿ, 10 ತಂತಿ, 3 ಪೆಡಲ್, ಒಂದೇ ಒಂದು ಲಿವರ್. ಬೆಲೆ ನೋಡಿ ಎಲ್ಲರಿಗೂ ಇದೇ ಕಣ್ಣಿಗೆ ಬೀಳತ್ತೆ. ಒಂದೇ ಲಿವರ್ ಇದ್ರೆ ಅದನ್ನ ಯಾವ್ದಕ್ಕೆ ಕೊಡೋದು? ಇ ಇಳಿಸೋಕೆ ಕೊಡಿ ಅನ್ನೋರು ತುಂಬಾ ಜನ ಇದ್ದಾರೆ, ನಾನು ಒಪ್ಪಲ್ಲ. ಡಿ ಶಾರ್ಪ್ ಎರಡನೇ ತಂತಿಯಲ್ಲಿ ಹೇಗೂ ಇದೆ, ಅದನ್ನ ಮೀಟಿ ಹೇಗೋ ಸುಧಾರಿಸಬಹುದು, ಎಫ್ ಸ್ವರ ಆ ಫ್ರೆಟಲ್ಲಿ ಬೇರೆ ಯಾವ ತಂತಿಯಲ್ಲೂ ಇಲ್ಲ. 6ನೇ ಫ್ರೆಟಿನ ಆ ಮೆಟ್ಟಿಲು ಕಳ್ಕೊಳ್ಳೋದು ದೊಡ್ಡ ನಷ್ಟ, ಹಾಗಾಗಿ ಇರೋ ಒಂದು ಲಿವರ್ ಏರಿಸೋಕೇ. ಇಷ್ಟಾದ್ರೂ ಆರು ತಿಂಗಳಲ್ಲಿ ಎರಡನೇ ಲಿವರ್ ಬೇಕು ಅನ್ಸೇ ಅನ್ಸತ್ತೆ, ದುಡ್ಡು ಸ್ವಲ್ಪ ಹೊಂದಿಸ್ಕೊಂಡು 3 ಪೆಡಲ್ 4 ಲಿವರ್ ಇರೋದಕ್ಕೆ ನೇರವಾಗಿ ಹೋದ್ರೆ ಒಟ್ಟು ಖರ್ಚು ಕಮ್ಮಿ.

ಹಳೇ ಕೇಬಲ್ ಗಿಟಾರ್‌ಗೆ ಲಿವರ್ ಹಾಕಿಸ್ಕೋಬಹುದಾ ಅಂತ ಕೇಳ್ತಾರೆ. ಹಾಕಿಸ್ಕೊಂಡಿರೋರು ಇದ್ದಾರೆ, ಕೆಲಸನೂ ಮಾಡತ್ತೆ. ನನಗೆ ಮಾತ್ರ 60 ವರ್ಷ ಉಳ್ಕೊಂಡು ಬಂದ ಗಿಟಾರಿನ ಮೈಗೆ ಡ್ರಿಲ್ ಹಾಕೋಕೆ ಮನಸ್ಸು ಬರಲ್ಲ, ಸ್ಕ್ರೂ ಇಲ್ಲದೆ ಕ್ಲ್ಯಾಂಪಲ್ಲಿ ಕೂರೋ ಹಾಗೆ ಮಾಡಿಸೋಕಾದ್ರೆ ಮಾಡಿಸಿ, ಇಲ್ಲಾಂದ್ರೆ ಬಿಟ್ಟುಬಿಡಿ.

ಗಿಟಾರ್ ನೋಡೋಕೆ ಹೋಗೋವಾಗ ಟ್ಯೂನರ್ ಜೇಬಲ್ಲಿ ಇರಲಿ. ನಾಲ್ಕನೇ ತಂತಿ ಮೀಟಿ, ಎ ಮತ್ತು ಬಿ ಪೆಡಲ್ ಒತ್ತಿ. ಆ ಪೆಡಲ್‌ಗಳಿಗೆ ನಾಲ್ಕನೇ ತಂತಿ ಜೊತೆ ಸಂಬಂಧ ಇಲ್ಲ, ಆದ್ರೂ ಬಾಡಿ ಒತ್ತಡಕ್ಕೆ ಸ್ವಲ್ಪ ಬಾಗೋದ್ರಿಂದ ಸ್ವರ ಚೂರು ಇಳಿಯತ್ತೆ, ಎರಡು ಮೂರು ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಇಳಿದ್ರೆ ಚಿಂತೆ ಬೇಡ, ಹತ್ತರ ಹತ್ರ ಹೋದ್ರೆ ನಾನು ಬೇರೆ ಗಿಟಾರ್ ನೋಡ್ತೀನಿ. ಆಮೇಲೆ ಇ ಇಳಿಸೋ ಲಿವರ್ ತಳ್ಳಿ ಬಿಡಿ, ಏರಿಸೋದು ತಳ್ಳಿ ಬಿಡಿ, ಪ್ರತಿ ಸಲ ಮುಳ್ಳು ಒಂದೇ ಜಾಗಕ್ಕೆ ಬರತ್ತಾ ನೋಡಿ. ಇಳಿಸಿ ಬಿಟ್ಟಾಗ ಒಂದು ಥರ, ಏರಿಸಿ ಬಿಟ್ಟಾಗ ಇನ್ನೊಂದು ಥರ ನಿಂತ್ರೆ ತಂತಿ ಎಳೆಯೋ ಭಾಗದ, ಅಂದ್ರೆ ಚೇಂಜರ್ ಒಳಗೆ ಹಳೇ ಎಣ್ಣೆ ಅಂಟಾಗಿ ಕೂತಿರಬಹುದು, ಅದು ತೊಳೆದ್ರೆ ಹೋಗತ್ತೆ, ಅದರಲ್ಲಿ ಬೆಲೆ ಚೌಕಾಸಿ ಮಾಡಿ. ಸವೆದಿದ್ರೆ ಬೇರೆ ಮಾತು. ಗಿಟಾರ್ ಮಗುಚಿ ನೋಡದೆ ದುಡ್ಡು ಕೊಡಬೇಡಿ, ರಾಡ್ ಬಾಗಿದ್ಯಾ, ರಾಡನ್ನ ಎಳೆಯೋ ಬೆಲ್ ಕ್ರ್ಯಾಂಕ್ ಬಿರುಕು ಬಿಟ್ಟಿದ್ಯಾ, ಕಾಲು ನಾಲ್ಕೂ ಅದೇ ಗಿಟಾರಿಂದಾ. ಎರಡು ನೆಕ್‌ದು ಕೇಸ್ ಸಮೇತ 30 ಕಿಲೋ ಸುಲಭವಾಗಿ ದಾಟತ್ತೆ, ಮಹಡಿ ಮನೆಯವರು ಒಂದು ಸಲ ಎತ್ತಿ ನೋಡಿ.

ಕೊನೇದಾಗಿ ಕೂತು ನೋಡಿ, ನಿಮ್ಮ ಮನೇಲಿ ಕೂರೋ ಸೀಟ್ ಎಷ್ಟು ಎತ್ತರವೋ ಅಷ್ಟೇ ಎತ್ತರದ್ದರ ಮೇಲೆ. ಎಡ ಪಾದ ಎ ಪೆಡಲ್ ಮೇಲಿರೋವಾಗಲೇ ಎಡ ಮೊಣಕಾಲು ಎಫ್ ಲಿವರ್ ತಳ್ಳಬೇಕು, ಎಮ್ಮನ್ಸ್ ಸೆಟಪಲ್ಲಿ ಅದು ಎಡಕ್ಕೆ. ಪಾದ ಜಾರದೆ ಮೊಣಕಾಲು ಹೊರಳಿದ್ರೆ ಸರಿ. ಜಾರ್ತಿದ್ರೆ ಲಿವರ್ ಬ್ರ್ಯಾಕೆಟ್ ಒಂದಿಂಚು ಅತ್ತಿತ್ತ ಸರಿಸೋಕೆ ಜಾಗ ಇದ್ಯಾ ಅಂತ ಕೆಳಗೆ ಬಗ್ಗಿ ನೋಡಿ.